ಅಕ್ಷರ ನಮ್ಮದು, ಬೀಗದ ಕೈಯೂ ನಮ್ಮದಾಗಲಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಬೂಕನಕೆರೆಯಲ್ಲಿ ನಡೆದ ಸದಸ್ಯರ ಸಮಾವೇಶದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಸಾಲ, ಗೊಬ್ಬರ, ಬಿತ್ತನೆ ಬೀಜದ ವಿಚಾರ ಹಿರಿಯರು ಆಗಲೇ ಮಾತಾಡಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ತಂತ್ರಾಂಶಗಳು. ದುಡ್ಡು ಕೊಟ್ಟು ಕೊಳ್ಳುವುದು ಯಾವುದು, ಪುಕ್ಕಟೆ ಸಿಗುವುದು ಯಾವುದು, ಸಂಘಕ್ಕೆ ಯಾವುದು ಒಳ್ಳೇದು ಎಂಬುದು. ಎಸ್‌.ಎಸ್‌.ಎಲ್‌.ಸಿ. ಓದಿದ ರೈತರು ನಾವು, ಇಂಜಿನಿಯರಲ್ಲ. ಆದರೆ ಸಂಘದ ಕಾಗದ ಪತ್ರದ ಜವಾಬ್ದಾರಿ ಕೆಲವು ವರ್ಷದಿಂದ ನಮ್ಮ ಪಾಲಿಗೆ ಬಂದಿರುವುದರಿಂದ, ಕೈಯಾರೆ ಮಾಡಿ ನೋಡಿದ್ದನ್ನು ಹೇಳ್ತೀವಿ.

ಕಂಪ್ಯೂಟರಿನ ವಿಚಾರ ಕಾರ್ಯದರ್ಶಿಗಳಿಗೆ ಬಿಟ್ಟಿದ್ದು, ನಮಗ್ಯಾಕೆ ಅಂತ ಕೆಲವರು ಅಂದುಕೊಂಡಿರಬಹುದು. ಹಾಗಲ್ಲ ಸ್ವಾಮಿ. ಸಂಘದ ಬೈಲಾ, ಸದಸ್ಯರ ಪಟ್ಟಿ, ಮಹಾಸಭೆಯ ನೋಟೀಸು, ಸಾಲದ ತಿಳಿವಳಿಕೆ ಪತ್ರ ಇವೆಲ್ಲಾ ಈಗ ಆ ಯಂತ್ರದೊಳಗೆ ಇವೆ. ನಿಮ್ಮ ಹೆಸರು, ನಿಮ್ಮ ತಂದೆಯ ಹೆಸರು, ನಿಮ್ಮ ಷೇರಿನ ನಂಬರು ಅಲ್ಲಿವೆ. ಅವು ಇನ್ನೊಂದು ಇಪ್ಪತ್ತೈದು ವರ್ಷ ಆದ ಮೇಲೆ ಓದಲು ಬರುತ್ತವೋ ಇಲ್ಲವೋ ಎಂಬುದು ಪ್ರತಿಯೊಬ್ಬ ಸದಸ್ಯನ ಪ್ರಶ್ನೆ.

ಈ ಸಂಚಿಕೆಗೆ ಹಳೆಯ ವರದಿಗಳನ್ನು ಸೇರಿಸೋಣ ಅಂತ ಬೀರುವಿನಲ್ಲಿದ್ದ ಸಿ.ಡಿ.ಗಳನ್ನು ತೆಗೆದೆವು. ಸಂಘದ ಮೊದಲ ವರ್ಷಗಳಲ್ಲಿ ಪೇಟೆಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಕೂತು ಟೈಪು ಮಾಡಿಸಿದ ವರದಿಗಳು ಅವು. ತೆರೆದರೆ ಒಂದಕ್ಷರ ಕನ್ನಡ ಇಲ್ಲ! ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಪ್ರಶ್ನೆ ಚಿಹ್ನೆ ಎಲ್ಲಾ ಕಲಸಿ ಹೋಗಿತ್ತು. ಅದನ್ನು ಬರೆದ ತಂತ್ರಾಂಶ ಬೀಗ ಹಾಕಿದ್ದು. ಕಂಪ್ಯೂಟರಿನ ಬೆನ್ನಿಗೆ ಒಂದು ಸಣ್ಣ ಕೀಲಿ ಸಿಕ್ಕಿಸಿದರೆ ಮಾತ್ರ ಕೆಲಸ ಮಾಡುತ್ತಿತ್ತು. ಅಂಗಡಿ ಮುಚ್ಚಿ ವರ್ಷಗಳಾಗಿವೆ, ಕೀಲಿ ಎಲ್ಲಿದೆಯೋ ದೇವರಿಗೇ ಗೊತ್ತು. ಕೊನೆಗೆ ನಮ್ಮ ಕೈ ಹಿಡಿದಿದ್ದು ಕಾಗದದ ಪ್ರತಿ. ಅದನ್ನು ನೋಡಿಕೊಂಡು ಮತ್ತೆ ಟೈಪು ಮಾಡಿದೆವು.

ಯಾಕೆ ಹೀಗಾಗುತ್ತೆ ಅನ್ನೋದನ್ನು ನಮ್ಮ ಭಾಷೆಯಲ್ಲೇ ಹೇಳಬಹುದು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರು ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ನಂಬರು. ನಮ್ಮ ಜಮೀನಿಗೆ ಸರ್ವೆ ನಂಬರು ಇದ್ದ ಹಾಗೆ. ಮೊದಲು ನಂಬರು ಸಿಕ್ಕಿದ್ದು ಇಂಗ್ಲಿಷಿಗೆ. ಕನ್ನಡಕ್ಕೆ ಜಾಗವೇ ಇರಲಿಲ್ಲ. ಆಗ ತಂತ್ರಾಂಶ ಮಾಡಿದವರು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತಲೆಕಟ್ಟು, ಕೊಂಬು, ಒತ್ತು ಎಲ್ಲವನ್ನೂ ತುಂಡು ತುಂಡಾಗಿ ಕೂರಿಸಿದರು. ಒಳಗೆ ಇಂಗ್ಲಿಷು, ಮೇಲೆ ಕನ್ನಡದ ವೇಷ. ಒಬ್ಬೊಬ್ಬರು ಒಂದೊಂದು ರೀತಿ ಕೂರಿಸಿದ್ದರಿಂದ ಒಬ್ಬರದು ಇನ್ನೊಬ್ಬರ ಯಂತ್ರದಲ್ಲಿ ಓದಲು ಬರುತ್ತಿರಲಿಲ್ಲ. ವೇಷ ಕಳಚಿದರೆ ಉಳಿಯುವುದು ನಮ್ಮ ಸಿ.ಡಿ.ಯಲ್ಲಿ ಕಂಡ ಕಲಸುಮೇಲೋಗರ.

ಇದಕ್ಕೆ ಪರಿಹಾರವಾಗಿ ಬಂದಿದ್ದು ಯುನಿಕೋಡ್. ಪ್ರಪಂಚದ ಭಾಷೆಗಳ ಅಕ್ಷರಗಳಿಗೆಲ್ಲ ಪ್ರತ್ಯೇಕ ನಂಬರು ಕೊಡುವ ಏರ್ಪಾಡು ಇದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ‘ಕ’ ಅಕ್ಷರದ ನಂಬರು 3221. ಬೂಕನಕೆರೆಯಲ್ಲೂ ಅದೇ, ಬೆಂಗಳೂರಲ್ಲೂ ಅದೇ, ಅಮೆರಿಕದಲ್ಲೂ ಅದೇ. ಯಾವ ಕಂಪನಿ ಬಾಗಿಲು ಮುಚ್ಚಿದರೂ ಆ ನಂಬರು ಬದಲಾಗದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಹೆಸರಿನ ಕನ್ನಡ ಅಕ್ಷರ ಜೊತೆಯಲ್ಲೇ ಬಂತು. ನಿಮ್ಮ ಮಕ್ಕಳು ಮೊಬೈಲಿನಲ್ಲಿ ಕಳಿಸುವ ಕನ್ನಡವೆಲ್ಲ ಯುನಿಕೋಡೇ.

ಇನ್ನು ಒಂದೊಂದೇ ತಂತ್ರಾಂಶದ ವಿಚಾರ.

ದುಡ್ಡು ಕೊಟ್ಟು ಕೊಳ್ಳುವವುಗಳಲ್ಲಿ ಹೆಸರುವಾಸಿಯಾದವು ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಬೆಂಗಳೂರಿನಲ್ಲಿ ತಯಾರಾದ ಆಕೃತಿ. ಕನ್ನಡದ ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆಗಳ ಅಚ್ಚಿನ ಕೆಲಸ ಇಂಥವುಗಳ ಮೇಲೆ ವರ್ಷಾನುಗಟ್ಟಲೆ ನಡೆದಿದೆ. ಅಕ್ಷರಗಳು ಬಲು ಅಂದ, ಬಗೆಬಗೆಯವು. ಪ್ರೆಸ್ಸಿನವರಿಗೆ ಅದು ಹೊಟ್ಟೆಪಾಡು. ಅವರು ದುಡ್ಡು ಕೊಟ್ಟು ಕೊಳ್ಳುವುದು ನ್ಯಾಯವೇ. ದುಡಿದವರಿಗೆ ಕೂಲಿ ಸಿಗಬೇಕು ಅನ್ನೋದರಲ್ಲಿ ರೈತರಾದ ನಮಗೆ ಎರಡು ಮಾತಿಲ್ಲ. ಆದರೆ ತಿಂಗಳಿಗೆ ನಾಲ್ಕು ನೋಟೀಸು ಬರೆಯುವ ಸಂಘಕ್ಕೆ ಅಷ್ಟೊಂದು ಬೇಕಿಲ್ಲ. ಎರೆಡೆತ್ತಿನ ಬೇಸಾಯದವನು ಕಟಾವು ಯಂತ್ರ ಕೊಂಡು ಹಟ್ಟಿಯಲ್ಲಿ ನಿಲ್ಲಿಸಿಕೊಂಡ ಹಾಗೆ ಆಗುತ್ತೆ.

‘ಬರಹ’ದ ಕಥೆ ಬೇರೆ. ಅಮೆರಿಕದಲ್ಲಿದ್ದ ಕನ್ನಡಿಗ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಅದನ್ನು ಹೊರತಂದು ಪುಕ್ಕಟೆ ಹಂಚಿದರು. ಪರದೇಶದಲ್ಲಿದ್ದ ಎಷ್ಟೋ ಕನ್ನಡಿಗರು ಮೊದಲ ಸಲ ಕಂಪ್ಯೂಟರಿನಲ್ಲಿ ಕನ್ನಡ ಬರೆದದ್ದು ಅದರಿಂದಲೇ. ಅನಂತರದ ಆವೃತ್ತಿಗಳಿಗೆ ಬೆಲೆ ಇಟ್ಟರು. ಅದು ಅವರ ಹಕ್ಕು, ತಪ್ಪೆನ್ನಲಾಗದು. ನಾವು ತಿಳಿಯಬೇಕಾದ್ದು ಇಷ್ಟೇ: ಇವತ್ತು ಪುಕ್ಕಟೆ ಸಿಗುವುದು ನಾಳೆಯೂ ಪುಕ್ಕಟೆ ಸಿಗುತ್ತೆ ಅಂತ ಬರೆದುಕೊಟ್ಟವರಿಲ್ಲ.

ಮೂರನೆಯದು ‘ನುಡಿ’. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ, ಕರ್ನಾಟಕ ಸರ್ಕಾರ ಪುಕ್ಕಟೆ ಕೊಡುವ ತಂತ್ರಾಂಶ. ನಮ್ಮ ಕೆ.ಆರ್.ಪೇಟೆ ತಾಲ್ಲೂಕಿನ ಕಛೇರಿ, ಶಾಲೆಗಳಲ್ಲಿ ನೀವು ನೋಡುವ ಕನ್ನಡ ಬಹುಪಾಲು ಇದರದ್ದೇ. ಇದರ ಕೀಲಿಮಣೆಯ ಹಿಂದೆ ಇರುವವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಅಡಗಿಸಿ, ಆ ವಿನ್ಯಾಸವನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ ನಾಡಿಗೆ ಬಿಟ್ಟುಕೊಟ್ಟರು. ಕೆರೆ ಕಟ್ಟಿಸಿ ಊರಿಗೆ ಬಿಟ್ಟ ಹಿಂದಿನ ಕಾಲದ ಪುಣ್ಯಾತ್ಮರ ಸಾಲಿಗೆ ಸೇರಬೇಕಾದವರು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರೂ ಕನ್ನಡದ ತಂತ್ರಾಂಶಕ್ಕಾಗಿ ಬಹಳ ಶ್ರಮಪಟ್ಟರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು’ ಹೆಸರಿನ ತಂತ್ರಾಂಶ ಬಂತು.

ನುಡಿಗೂ ಬರಹಕ್ಕೂ ಇರುವ ವ್ಯತ್ಯಾಸಕ್ಕೆ ನಮ್ಮೂರಿನ ಹೆಸರನ್ನೇ ತೆಗೆದುಕೊಳ್ಳಿ. ನುಡಿಯಲ್ಲಿ ಬೂಕನಕೆರೆ ಅಂತ ಬರೆಯಲು ಬಿ, ಯು, ಕೆ, ಎನ್, ಕೆ, ಇ, ಆರ್, ಇ, ಒಟ್ಟು ಎಂಟು ಕೀಲಿ. ಬರಹದಲ್ಲಿ ‘ಕ’ಕ್ಕೂ ‘ನ’ಕ್ಕೂ ಮುಂದೆ ‘ಎ’ ಒತ್ತಬೇಕು, ಹತ್ತು ಕೀಲಿ ಆಗುತ್ತೆ. ಇಂಗ್ಲಿಷಿನಲ್ಲಿ ಕನ್ನಡ ಬರೆದು ರೂಢಿ ಇದ್ದವರಿಗೆ ಬರಹ ಸಲೀಸು. ಕನ್ನಡದಲ್ಲೇ ಯೋಚಿಸುವ ನಮ್ಮಂಥವರಿಗೆ ನುಡಿ ಸಲೀಸು. ನುಡಿಯಲ್ಲಿ ಒತ್ತಕ್ಷರಕ್ಕೆ ‘ಎಫ್’ ಕೀಲಿ. ಅದೊಂದು ಕೈಗೆ ಬಂದರೆ ಮುಕ್ಕಾಲು ವಿದ್ಯೆ ಬಂದ ಹಾಗೆ. ಒಂದು ಎಚ್ಚರಿಕೆ: ನುಡಿಯಲ್ಲಿ ಹಳೆಯ ವೇಷದ ಅಕ್ಷರವೂ ಉಂಟು, ಈಚಿನ ಆವೃತ್ತಿಗಳಲ್ಲಿ ಯುನಿಕೋಡೂ ಉಂಟು. ಯುನಿಕೋಡನ್ನು ಆರಿಸಿಕೊಳ್ಳುವ ಕೆಲಸ ನಮ್ಮದು.

ಇವೆಲ್ಲ ಕನ್ನಡ ಮೂಡಿಸುವ ತಂತ್ರಾಂಶಗಳು. ಬರೆದದ್ದನ್ನು ಪತ್ರ, ವರದಿ, ಪಟ್ಟಿಯಾಗಿ ಜೋಡಿಸಿ ಅಚ್ಚು ಮಾಡಲು ಇನ್ನೊಂದು ಬೇಕು. ದುಡ್ಡಿನದು ಮೈಕ್ರೋಸಾಫ್ಟಿನ ವರ್ಡ್. ಲೆಕ್ಕಪರಿಶೋಧಕರು, ಬ್ಯಾಂಕಿನವರು ಎಲ್ಲರೂ ಇದನ್ನೇ ಬಳಸುತ್ತಾರೆ. ಕಳಿಸಿದ್ದು ಕಳಿಸಿದ ಹಾಗೇ ತೆರೆಯುತ್ತೆ, ಕಲಿಸುವವರೂ ಸಿಗುತ್ತಾರೆ. ಆದರೆ ಈಗ ವರ್ಷ ವರ್ಷ ಚಂದಾ ಕಟ್ಟುವ ಪದ್ಧತಿ ಹೆಚ್ಚಾಗಿದೆ. ಅದಕ್ಕೆ ಸಾವಿರಾರು ರೂಪಾಯಿ ಬೇಕು. ಪುಕ್ಕಟೆಯದು ಲಿಬ್ರೆಆಫೀಸ್. 2010ರಲ್ಲಿ ಹುಟ್ಟಿದ್ದು, ಪ್ರಪಂಚದ ನಾನಾ ಕಡೆಯ ಜನ ಕೂಡಿ ಕಟ್ಟುತ್ತಿರುವುದು. ಒಂದು ಲೆಕ್ಕದಲ್ಲಿ ಅದೂ ಸಹಕಾರವೇ! ಅದರ ಒಳಗುಟ್ಟೆಲ್ಲ ಬಯಲಾಗಿದೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಅದು ಕಡತ ಉಳಿಸುವ ರೀತಿಗೆ 2006ರಲ್ಲೇ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತ್ತು. ಕೊರತೆಯೂ ಉಂಟು. ವರ್ಡಿನಲ್ಲಿ ಮಾಡಿದ ಪಟ್ಟಿಗಳನ್ನು ಇದರಲ್ಲಿ ತೆರೆದರೆ ಕೆಲವು ಸಲ ಗೆರೆ, ಅಂಕಣ ಆಚೀಚೆ ಆಗುತ್ತವೆ. ಕೆಟ್ಟರೆ ಫೋನು ಮಾಡಿ ಕರೆಯಲು ಮಾರಾಟಗಾರರು ಇಲ್ಲ, ನಮ್ಮವರೇ ಕಲಿತಿರಬೇಕು. ಗೂಗಲ್‌ನ ಡಾಕ್ಸ್ ಕೂಡ ಪುಕ್ಕಟೆ, ಬಾಯಲ್ಲಿ ಹೇಳಿದರೆ ಕನ್ನಡ ಬರೆದುಕೊಳ್ಳುತ್ತೆ. ಆದರೆ ನೆಟ್‌ವರ್ಕ್ ಇರಬೇಕು, ಕಡತ ಅವರ ಮನೆಯಲ್ಲಿ ಇರುತ್ತೆ.

‘ಪುಕ್ಕಟೆ’ ಅನ್ನೋ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪುಕ್ಕಟೆಯಲ್ಲಿ ಮೂರು ಜಾತಿ. ಒಂದು, ಬೆಲೆ ಇಲ್ಲದ್ದು. ಎರಡು, ಬೆಲೆಯೂ ಇಲ್ಲ, ಬೀಗವೂ ಇಲ್ಲದ ಮುಕ್ತ ತಂತ್ರಾಂಶ. ಮೂರು, ಬೆಲೆಯುಳ್ಳದ್ದನ್ನು ಕದ್ದು ಹಾಕಿಕೊಂಡದ್ದು. ಈ ಮೂರನೆಯದನ್ನು ‘ಫ್ರೀಯಾಗಿ ಹಾಕ್ಕೊಡ್ತೀನಿ ಬನ್ನಿ’ ಅನ್ನುವವರು ಎಲ್ಲೆಲ್ಲೂ ಸಿಗುತ್ತಾರೆ. ಸಹಕಾರ ಸಂಘದ ಯಂತ್ರದಲ್ಲಿ ಕಳ್ಳಮಾಲು ಇರಬಾರದು. ಕಾನೂನಿಗೂ ತಪ್ಪು, ಜೊತೆಗೆ ವೈರಸ್ಸೂ ಅದೇ ಬಾಗಿಲಲ್ಲಿ ಬರುತ್ತೆ. ಬೀಜಕ್ಕೆ ಹೋಲಿಸಿದರೆ, ಹೈಬ್ರಿಡ್ ಬೀಜ ಇಳುವರಿ ಕೊಡುತ್ತೆ, ಆದರೆ ವರ್ಷ ವರ್ಷ ಅಂಗಡಿಗೆ ಹೋಗಬೇಕು. ನಾಟಿ ಬೀಜ ಕಣಜದಲ್ಲಿಟ್ಟು ಮತ್ತೆ ಬಿತ್ತಬಹುದು, ಪಕ್ಕದವನಿಗೂ ಒಂದು ಸೇರು ಕೊಡಬಹುದು. ಮುಕ್ತ ತಂತ್ರಾಂಶ ಈ ನಾಟಿ ಬೀಜದ ಹಾಗೆ. ನಮ್ಮದು ಹೈಬ್ರಿಡ್ ಬೇಡ ಅನ್ನುವ ವಾದವಲ್ಲ, ಯಾವ ಹೊಲಕ್ಕೆ ಯಾವ ಬೀಜ ಅಂತ ತಿಳಿದು ಬಿತ್ತಬೇಕು ಅಷ್ಟೆ.

ಈಗ ಸದಸ್ಯರಿಗೆ ನೇರವಾಗಿ ಮುಟ್ಟುವ ಮಾತು. 2018ರಲ್ಲಿ ರಾಜ್ಯ ಸರ್ಕಾರ ಬೆಳೆಸಾಲ ಮನ್ನಾ ಮಾಡಿದಾಗ ಆಧಾರ್, ಪಡಿತರ ಚೀಟಿ, ಜಮೀನಿನ ಸರ್ವೆ ನಂಬರು ಎಲ್ಲವನ್ನೂ ಕೇಳಿದ್ದು ನಿಮಗೆ ನೆನಪಿದೆ. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷಮ್ಮ. ಒಂದು ಕಡೆ ಮರೀಗೌಡ, ಇನ್ನೊಂದು ಕಡೆ ಮರಿಗೌಡ. ಒಂದು ಒತ್ತು, ಒಂದು ದೀರ್ಘದ ವ್ಯತ್ಯಾಸಕ್ಕೆ ಬಡವರು ಎಷ್ಟು ಅಲೆಯಬೇಕಾಗುತ್ತೆ ಅಂತ ನಮ್ಮ ತಾಯಂದಿರನ್ನು ಕೇಳಿ. ಹಳೆಯ ವೇಷದ ಅಕ್ಷರದಲ್ಲಿ ಪಟ್ಟಿ ಇದ್ದರೆ ಹೆಸರು ಹುಡುಕುವುದು ಕಷ್ಟ, ಅಕಾರಾದಿಯಾಗಿ ಜೋಡಿಸಲೂ ಬಾರದು. ಯಾಕೆಂದರೆ ಯಂತ್ರದ ಪಾಲಿಗೆ ಅದು ಕನ್ನಡವೇ ಅಲ್ಲ. ಯುನಿಕೋಡಿನಲ್ಲಿದ್ದರೆ ಒಂದು ಹೆಸರು ಒತ್ತಿದರೆ ಸಾಕು, ಆ ಹೆಸರಿನವರೆಲ್ಲ ಸಾಲಾಗಿ ಬರುತ್ತಾರೆ. ತಪ್ಪು ಇದ್ದರೆ ಆಗಲೇ ಕಣ್ಣಿಗೆ ಬೀಳುತ್ತೆ, ಸಾಲ ಮನ್ನಾ ಬರುವ ತನಕ ಕಾಯಬೇಕಾಗಿಲ್ಲ.

2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಲೆಕ್ಕದ ತಂತ್ರಾಂಶ ಹೀಗೆ ಮೇಲಿನಿಂದ ಬರಬಹುದು. ಆದರೆ ಸಂಘ ತನ್ನ ಸದಸ್ಯರಿಗೆ ಬರೆಯುವ ಪತ್ರ, ಸಭೆಯ ನಡಾವಳಿ, ಊರಿನ ಮಾತು, ಇವನ್ನು ಬರೆದು ಕಾಪಾಡುವವರು ನಾವೇ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಈ ಸಲಹೆಗಳನ್ನು ಇಡುತ್ತಿದ್ದೇವೆ. ಒಂದು, ಇನ್ನು ಮುಂದೆ ಸಂಘದ ಒಂದು ಸಾಲೂ ಯುನಿಕೋಡ್ ಬಿಟ್ಟು ಬರೆಯಬಾರದು. ಎರಡು, ಕನ್ನಡ ಮೂಡಿಸಲು ನುಡಿ, ಕಡತಕ್ಕೆ ಲಿಬ್ರೆಆಫೀಸ್ ಸಾಕು. ಯಾವ ಯಂತ್ರದ ಜೊತೆ ವರ್ಡ್ ನ್ಯಾಯವಾಗಿ ಬಂದಿದೆಯೋ ಅಲ್ಲಿ ಅದನ್ನೇ ಬಳಸಲಿ. ಹೊರಗಿನವರಿಗೆ ಕಳಿಸುವಾಗ ಪಿ.ಡಿ.ಎಫ್. ಮಾಡಿ ಕಳಿಸಿದರೆ ಗೆರೆ ಅಂಕಣದ ತಕರಾರು ಇರುವುದಿಲ್ಲ. ಮೂರು, ಸದಸ್ಯರ ಹಳೆಯ ಪಟ್ಟಿಯನ್ನು ಯುನಿಕೋಡಿಗೆ ಬದಲಾಯಿಸಬೇಕು. ಬದಲಾಯಿಸುವ ತಂತ್ರಾಂಶವೂ ಪುಕ್ಕಟೆ ಸಿಗುತ್ತೆ. ಆದರೆ ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ಅದು ಎಡವಬಹುದು. ಷೇರು ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಒಬ್ಬರು ಓದಬೇಕು, ಒಬ್ಬರು ತಿದ್ದಬೇಕು. ಆಮೇಲೆ ಪಟ್ಟಿಯನ್ನು ಸಂಘದ ಗೋಡೆಗೆ ಅಂಟಿಸುತ್ತೇವೆ, ನಿಮ್ಮ ಹೆಸರು ನೀವೇ ನೋಡಿ ಒಪ್ಪಬೇಕು. ನಾಲ್ಕು, ಪ್ರತಿ ಕಡತಕ್ಕೂ ಮೂರು ಪ್ರತಿ: ಯಂತ್ರದಲ್ಲಿ ಒಂದು, ಬೇರೆ ಕಡೆ ಇಡುವ ಪೆನ್‌ಡ್ರೈವಿನಲ್ಲಿ ಒಂದು, ಕಾಗದದ ಮೇಲೆ ಒಂದು. ಸಹಿ ಹಾಕಿದ ನಡಾವಳಿ ಪುಸ್ತಕವಂತೂ ಎಂದಿನಂತೆ ಇರಲೇಬೇಕು. ಐದು, ಉಳಿದ ದುಡ್ಡಿನಲ್ಲಿ ಸ್ವಲ್ಪ ಭಾಗ ನಮ್ಮ ಸಿಬ್ಬಂದಿಗೂ ಊರಿನ ಎಸ್‌.ಎಸ್‌.ಎಲ್‌.ಸಿ. ಮುಗಿಸಿದ ಹುಡುಗ ಹುಡುಗಿಯರಿಗೂ ರಜೆಯಲ್ಲಿ ಕನ್ನಡ ಟೈಪಿಂಗ್ ಕಲಿಸಲು ಇಡೋಣ. ತಂತ್ರಾಂಶ ಪುಕ್ಕಟೆ ಬರಬಹುದು, ಕಲಿಕೆ ಪುಕ್ಕಟೆ ಬರೋದಿಲ್ಲ.

1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದದ್ದು ಮಸಿ, ಲೇಖಣಿ, ಕಾಗದ. ಆ ಬರಹ ಓದಲು ಯಾವ ಕಂಪನಿಯ ಕೀಲಿಯೂ ಬೇಕಿರಲಿಲ್ಲ. ನಮ್ಮ ಕಾಲದ ಬರಹವೂ ಹಾಗೇ ಇರಲಿ, ಸಂಘದ ಸುವರ್ಣ ಮಹೋತ್ಸವ ಮಾಡುವ ನಮ್ಮ ಮಕ್ಕಳು ಅದನ್ನು ತೆರೆದು ಸಲೀಸಾಗಿ ಓದಲಿ ಎಂಬುದೇ ನಮ್ಮ ಆಸೆ.