ಕೇಪಿನ ಕೋವಿಗೆ ಹಳೇ ಪಂಚೆಯೇ ಸಾಕು

ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ ಕೋಡ್ ಬರೆಯೋ ನಾನು ಇವತ್ತು ಕೋವಿ ಒರೆಸೋ ಬಟ್ಟೆ ಬಗ್ಗೆ ಮಾತಾಡ್ತೀನಿ.

ಸೆಪ್ಟೆಂಬರ್ 3ರ ಹೊತ್ತಿಗೆ ಕೊಡಗಿನಲ್ಲಿ ಕೈಲ್ ಪೊಳ್ದ್. ಕೋವಿಗಳಿಗೆ ಪೂಜೆ. ಕೆಲವು ಮನೆಗಳಲ್ಲಿ ಇನ್ನೂ ಕೇಪಿನ ಕೋವಿ ಇದೆ, ಅಂದ್ರೆ ಬಾಯಿಂದ ಮದ್ದು ತುಂಬೋದು. ಹಬ್ಬ ಮುಗಿಸಿ ನಾವು ವಾಪಸ್ ಬಂದ್ರೆ, ಅದನ್ನು ಮತ್ತೆ ನೋಡೋರು ಮುಂದಿನ ವರ್ಷವೇ.

ಕರಿಮದ್ದಿನಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದ ಮೇಲೆ ನಳಿಗೆಯೊಳಗೆ ಉಪ್ಪಿನಂಥ ಮಸಿ ಕೂರುತ್ತೆ. ಅದು ಗಾಳಿಯ ತೇವ ಹೀರುತ್ತೆ. ಕೊಡಗಿನ ಮಳೆಗಾಲದಲ್ಲಿ ತುಕ್ಕು ಹಿಡಿಯೋಕೆ ಹೆಚ್ಚು ದಿನ ಬೇಡ. ಹಾಗಾಗಿ ಹೊಡೆದ ದಿನವೇ ಒರೆಸಬೇಕು.

ಮೊದಲು, ಗೊತ್ತಿರೋ ಹಿರಿಯರ ಕೈಲಿ ಕೋವಿ ಖಾಲಿ ಅಂತ ಖಚಿತ ಮಾಡಿಸಿ. ಮಸಿ ನೀರಲ್ಲಿ ಕರಗುತ್ತೆ, ಆದ್ದರಿಂದ ಬಿಸಿನೀರಲ್ಲಿ ನೆನೆಸಿದ ತುಂಡು, ಆಮೇಲೆ ಒಣ ತುಂಡು, ಕೊನೆಗೆ ಎಣ್ಣೆ ತುಂಡು.

ಬಟ್ಟೆ ಹತ್ತಿಯದ್ದೇ ಆಗಿರಲಿ, ಪಾಲಿಯೆಸ್ಟರ್ ನೀರು ಹೀರಲ್ಲ. ಅನುಮಾನ ಇದ್ರೆ ಒಂದು ಎಳೆ ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತೆ, ಪಾಲಿಯೆಸ್ಟರ್ ಕರಗಿ ಗಂಟಾಗುತ್ತೆ. ಹಳೇ ಪಂಚೆ, ಬನಿಯನ್ ಸಾಕು. ಇಲ್ಲಿ ಮಟಿಯಾಬುರ್ಜ್‌ನ ದರ್ಜಿಗಳ ಹತ್ತಿರ ಕತ್ತರಿಸಿ ಉಳಿದ ಚೂರು ಕೇಳಿ ನೋಡಿ. ನಮ್ಮ ಕೌದಿ, ಬಂಗಾಳದ ಕಾಂಥಾ ಎರಡೂ ಹಳೇ ಬಟ್ಟೆಯಿಂದ ಹುಟ್ಟಿದ್ದೇ ಅಲ್ವಾ?

ತುಂಡು ದಪ್ಪ ಬೇಡ. ನಳಿಗೆಯ ಹಿಂಬದಿ ಮುಚ್ಚಿರುತ್ತೆ, ಸಿಕ್ಕಿಕೊಂಡ್ರೆ ಆ ಕಡೆಯಿಂದ ತಳ್ಳೋಕಾಗಲ್ಲ.

ಮಸಿ ತುಂಡುಗಳನ್ನು ಸೋಪಿನ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಕಲೆ ಹೋಗದಿದ್ರೂ ಪರವಾಗಿಲ್ಲ, ಮುಂದಿನ ಸಲ ಮೊದಲ ಸುತ್ತಿಗೆ ಅವೇ. ಎಣ್ಣೆಯದ್ದನ್ನು ಬೇರೆ ಇಡಿ.

ಖರ್ಚು ಹೆಚ್ಚುಕಮ್ಮಿ ಸೊನ್ನೆ. ಅಜ್ಜನ ಕೋವಿ ಮೊಮ್ಮಕ್ಕಳಿಗೂ ಉಳಿಯುತ್ತೆ.