ಗಣಕದ ಭಂಡಾರವೂ ತಂದೆಯವರ ಪತ್ರಗಳೂ
(ಹೈದರಾಬಾದಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕೇಂದ್ರ ಸರ್ಕಾರದ ಕಡತಗಳ ನಡುವೆ ಮೂರು ದಶಕ ಕಳೆದವನಿಗೆ ಗಣಕದ ಬಗ್ಗೆ ಮಾತನಾಡುವ ಅಧಿಕಾರವೇನು ಎಂದು ತಾವು ಕೇಳಬಹುದು. ಅಧಿಕಾರವಿಲ್ಲ; ಅಗತ್ಯ ಬಿದ್ದಿತ್ತು.

ಈ ನಗರದಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಮನೆಯಲ್ಲಿ ಕನ್ನಡವಾಡುತ್ತಾಳೆ, ಆದರೆ ಓದಬಲ್ಲದ್ದು ತೆಲುಗು ಲಿಪಿಯನ್ನು. ಧಾರವಾಡದಲ್ಲಿ ಕನ್ನಡ ಪಂಡಿತರಾಗಿದ್ದ ನನ್ನ ತಂದೆಯವರು ಅವಳಿಗೆ ಬರೆದ ಪತ್ರಗಳನ್ನು ನಾನೇ ಓದಿ ಹೇಳುತ್ತಿದ್ದೆ. ಅವರು ತೀರಿಕೊಂಡ ಮೇಲೆ, ತಾನೇ ಓದಬೇಕೆಂದು ಅವಳು ಹಟ ಹಿಡಿದಳು. ಪತ್ರಗಳನ್ನು ಬೆರಳಚ್ಚು ಮಾಡಿ ತೆಲುಗು ಲಿಪಿಗೆ ತಿರುಗಿಸಲು ಹೊರಟ ನಾನು, ಒಂದೊಂದು ಅಕ್ಷರಕ್ಕೂ ಒಂದೊಂದು ಸಾಲು ಕ್ರಮವಿಧಿ ಬರೆಯತೊಡಗಿದೆ. ನೆರೆಮನೆಯ ತರುಣ ಎಂಜಿನಿಯರ್ ನೋಡಿ ನಕ್ಕ: “ಸಾರ್, ಇದನ್ನು ಯಾರೋ ಆಗಲೇ ಬರೆದಿಟ್ಟಿದ್ದಾರೆ.”

ಹಾಗೆ ಬರೆದಿಡುವುದಕ್ಕೊಂದು ಪರಂಪರೆಯೇ ಇದೆ. 1987ರಲ್ಲಿ ಲ್ಯಾರಿ ವಾಲ್ ರೂಪಿಸಿದ ಪರ್ಲ್ ಭಾಷೆಯ ಬಳಕೆದಾರರು 1995ರಲ್ಲಿ ಸಿಪ್ಯಾನ್ ಎಂಬ ಭಂಡಾರವನ್ನು ತೆರೆದರು. ಒಬ್ಬನು ಬರೆದ ಉಪಯುಕ್ತ ತುಣುಕನ್ನು ಅಲ್ಲಿಟ್ಟರೆ ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು. ಪೈಥಾನ್ ಭಾಷೆಗೂ 2003ರಿಂದ ಅಂಥದೊಂದು ಭಂಡಾರವಿದೆ. ಭಾರತೀಯ ಲಿಪಿಗಳ ಪರಿವರ್ತನೆಗೆಂದೇ ಅಲ್ಲಿ ಉಚಿತ ಸಂಗ್ರಹಗಳಿವೆ. ಅಪಾಯವಿಲ್ಲವೆಂದಲ್ಲ. 2016ರಲ್ಲಿ ಜಾವಾಸ್ಕ್ರಿಪ್ಟ್ ಭಂಡಾರದಿಂದ ಒಬ್ಬನು ಮುನಿಸಿಕೊಂಡು ತನ್ನ 11 ಸಾಲಿನ ತುಣುಕನ್ನು ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ದೊಡ್ಡ ದೊಡ್ಡ ಕೆಲಸಗಳೂ ಕೆಲವು ಗಂಟೆ ಮುಗ್ಗರಿಸಿದವು.

ನಾವು ಆರಿಸಿಕೊಂಡ ಪುಟ್ಟ ಸಂಗ್ರಹದ ಗುಟ್ಟು ಸರಳವಾಗಿತ್ತು. ಯೂನಿಕೋಡ್‌ನಲ್ಲಿ ತೆಲುಗು, ಕನ್ನಡ ಅಕ್ಷರಗಳು ಒಂದೇ ಕ್ರಮದಲ್ಲಿ ಕುಳಿತಿವೆ. ನಮ್ಮ ‘ಕ’ದ ಸಂಖ್ಯೆಯಿಂದ 128 ಕಳೆದರೆ ಅವರ ‘ಕ’. ಇಸ್ಕಿ ಎಂಬ ಭಾರತೀಯ ಸಂಕೇತವ್ಯವಸ್ಥೆಯಿಂದ ಬಂದ ಬಳುವಳಿಯಿದು. ಆದರೆ ತಂದೆಯವರು ಪಂಪನನ್ನು ನೆನೆಯದೆ ಪತ್ರ ಮುಗಿಸುತ್ತಿರಲಿಲ್ಲ (ಪಂಪ ಬಾಳಿದ ವೇಮುಲವಾಡ ಇಂದು ತೆಲಂಗಾಣದಲ್ಲೇ ಇದೆಯಲ್ಲವೆ!). ಹಳಗನ್ನಡದ ‘ೞ’ ಬಂದಲ್ಲೆಲ್ಲ ಖಾಲಿ ಚೌಕ. 128 ಕಳೆದರೆ ಸಿಗುವ ಜಾಗದಲ್ಲಿ ತೆಲುಗಿನ ಯಾವ ಅಕ್ಷರವೂ ಇಲ್ಲ. ಪ್ರಾಚೀನ ತೆಲುಗಿನ ಅದೇ ಅಕ್ಷರಕ್ಕೆ ಯೂನಿಕೋಡ್ 2014ರಲ್ಲಿ ಬೇರೆಡೆ ಸ್ಥಾನ ಕೊಟ್ಟಿದೆ. ನಾವಿಬ್ಬರೂ ಎರಡು ಸಾಲಿನ ತಿದ್ದುಪಡಿ ಬರೆದು ಕಳುಹಿಸಿದೆವು. ಮುಖ ಕಾಣದ ಆ ಕರ್ತೃ ವಾರದೊಳಗೆ ಅದನ್ನು ಸೇರಿಸಿಕೊಂಡರು. ನಿವೃತ್ತಿಯ ಅಂಚಿನಲ್ಲಿರುವ ನನಗೆ ಯಾವ ಬಡ್ತಿಯೂ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಹಿರಿಯರೊಬ್ಬರು ಆಕ್ಷೇಪಿಸಿದರು: “ಇಷ್ಟು ಸುಲಭ ಮಾಡಿದರೆ ಮಗು ನಮ್ಮ ಲಿಪಿಯನ್ನು ಎಂದು ಕಲಿತೀತು?” ಆ ಮಾತು ನನ್ನನ್ನೂ ಚುಚ್ಚಿತು, ಉತ್ತರ ಹೊಳೆಯಲಿಲ್ಲ. ಮಗಳು ಈಗ ಮುದ್ರಿತ ಪ್ರತಿಯ ಪಕ್ಕದಲ್ಲಿ ಅಜ್ಜನ ಹಾಳೆಯನ್ನಿಟ್ಟುಕೊಂಡು, ಎರಡರಲ್ಲೂ ಹೋಲುವ ಅಕ್ಷರಗಳಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಾಳೆ. ‘ಕ’ ಮತ್ತು ‘ತ’ ಮಾತ್ರ ಇನ್ನೂ ಅವಳನ್ನು ಕಾಡುತ್ತಿವೆ.

ತಮ್ಮ ಮನೆಗಳಲ್ಲೂ ಇಂಥ ಪತ್ರಗಳಿದ್ದರೆ ಭಾನುವಾರ ಸಂಜೆ ಸಂಘಕ್ಕೆ ತನ್ನಿ; ನಾನೂ ಆ ತರುಣನೂ ಅಲ್ಲಿರುತ್ತೇವೆ.