ಕ್ರಿಕೆಟ್ಟಿನ ಒಬ್ಬ ಹವ್ಯಾಸಿ

ಕಳೆದ ಬೇಸಿಗೆಯಲ್ಲಿ ತೊಂಡೇಬಾವಿಯ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಾಗಿ ಕಾದಿದ್ದೆವು. ಹತ್ತಿರದ ಬಯಲಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅವರಲ್ಲಿ ಬೌಲಿಂಗಿನಲ್ಲಿ ಗಟ್ಟಿಗನಾಗಿದ್ದವನೊಬ್ಬನನ್ನು ಕರೆದು ಮೆಚ್ಚಿಕೆಯ ಮಾತನಾಡಲು, ಅವನು, "ಬರುವ ತಿಂಗಳು ಕೆಲಸಕ್ಕೆ ಸೇರುತ್ತೇನೆ ಸ್ವಾಮಿ, ಅಲ್ಲಿಗೆ ಆಟ ಮುಗಿಯಿತು" ಎಂದನು. ಆಗ ನಮಗೆ ಜಾನ್‌ಸ್ಟನ್ನರ ನೆನಪಾಯಿತು.

ಸಿ. ಪಿ. ಜಾನ್‌ಸ್ಟನ್ ಎಂಬವರು 1895ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪರವಾಗಿಯೂ ಕೆಂಟ್ ಪ್ರಾಂತದ ಪರವಾಗಿಯೂ ಆಡಿದವರು. ಬಳಿಕ ಸೀಮೆಎಣ್ಣೆಯ ವ್ಯಾಪಾರದ ಬರ್ಮಾ ಷೆಲ್ ಕಂಪನಿಯಲ್ಲಿ ಉದ್ಯೋಗಸ್ಥರಾಗಿ ಮದರಾಸಿನಲ್ಲಿ ನೆಲಸಿದರು. ಅವರು ಅಮೆಚೂರ್, ಎಂದರೆ ಹಣ ಪಡೆಯದೆ ಆಡುವವರು. ಅಂದಿನ ಇಂಗ್ಲೆಂಡಿನಲ್ಲಿ ಇಂಥವರು 'ಜಂಟಲ್‌ಮನ್'. ಕೂಲಿಗೆ ಆಡುವವರು 'ಪ್ಲೇಯರ್'. ತಂಡವೊಂದೇ ಆದರೂ ಎಷ್ಟೋ ಮೈದಾನಗಳಲ್ಲಿ ಉಡುಪು ಬದಲಿಸುವ ಕೋಣೆ ಬೇರೆ, ಹೊರಬರುವ ಬಾಗಿಲೂ ಬೇರೆ. ಪಂಕ್ತಿಭೇದವು ನಮ್ಮ ದೇಶವೊಂದರ ಸೊತ್ತೆಂದು ಯಾರೂ ತಿಳಿಯಬೇಕಾದುದಿಲ್ಲ. ಈ ವಿಂಗಡಣೆಯು 1962ರ ಕೊನೆಯಲ್ಲಿಯಷ್ಟೇ ರದ್ದಾಯಿತು.

ಹಣ ಮುಟ್ಟದೆ ಆಡುವುದು ಘನವಾದ ಗುಣವೆಂದು ನಾವೂ ತರಗತಿಯಲ್ಲಿ ಹೇಳಿದ್ದುಂಟು. ಆದರೆ ತಿಂಗಳ ಸಂಬಳವೂ ಬಿಡುವೂ ಉಳ್ಳವನಿಗೆ ಆ ಗುಣ ಎಷ್ಟು ಸುಲಭ! ಜಾನ್‌ಸ್ಟನ್ನರು ಇದನ್ನರಿತಿದ್ದರೆಂದು ನಮ್ಮ ಊಹೆ. ಎಂ. ಜೆ. ಗೋಪಾಲನ್ ಎಂಬ ತರುಣನ ಬೌಲಿಂಗನ್ನು ಕಂಡು, ಬರಿಯ ಮೆಚ್ಚಿಕೆಯನ್ನಿತ್ತು ಸುಮ್ಮನಾಗದೆ, ತಮ್ಮ ಕಂಪನಿಯಲ್ಲಿಯೇ ಅವರಿಗೆ ಕೆಲಸ ಕೊಡಿಸಿದರು.

ಇದರ ಫಲವನ್ನುಂಡವರು ನಮ್ಮ ಮೈಸೂರಿನವರು! 1934ನೆಯ ನವೆಂಬರ್ 4ರಂದು ಮದರಾಸಿನ ಚೇಪಾಕಿನಲ್ಲಿ ರಣಜಿ ಪಂದ್ಯಾವಳಿಯ ಪ್ರಥಮ ಪಂದ್ಯ ನಡೆಯಿತು. ಮದರಾಸಿನ ನಾಯಕರು ಜಾನ್‌ಸ್ಟನ್. ಮೊದಲ ಚೆಂಡನ್ನೆಸೆದವರು ಗೋಪಾಲನ್. ಮೈಸೂರು 48 ಓಟಗಳಿಗೆ ಉರುಳಿತು. ಮದರಾಸು 130 ಮಾಡಿತು. ಮೈಸೂರು ಎರಡನೆಯ ಸಲ 59. ಎ. ಜಿ. ರಾಮ್‌ಸಿಂಗರೊಬ್ಬರೇ ಹನ್ನೊಂದು ವಿಕೆಟ್ಟುಗಳನ್ನು ಕಿತ್ತರು. ಸಂಜೆಯೊಳಗೆ ಎಲ್ಲವೂ ಮುಗಿಯಿತು. ಇದನ್ನು ಓದುವಾಗ ಇಂದಿಗೂ ನಮಗೆ ಕಸಿವಿಸಿಯಾಗುವುದು.

ಗೋಪಾಲನ್ನರು ಹಾಕಿಯಲ್ಲಿಯೂ ನಿಪುಣರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಹೋಗುವ ಹಾಕಿ ತಂಡವನ್ನು ಬಿಟ್ಟು, ಇಂಗ್ಲೆಂಡಿಗೆ ಹೊರಟ ಕ್ರಿಕೆಟ್ ತಂಡವನ್ನು ಸೇರಿದರು. ಹಾಕಿ ತಂಡವು ಚಿನ್ನದ ಪದಕ ಗೆದ್ದಿತು. ಇವರಿಗೆ ಇಂಗ್ಲೆಂಡಿನಲ್ಲಿ ಒಂದು ಟೆಸ್ಟ್ ಪಂದ್ಯವೂ ದೊರೆಯಲಿಲ್ಲ. ಕೆಲಸ ಕೊಡಿಸುವುದು ದೊರೆಗಳಿಂದಾದೀತು. ಅದೃಷ್ಟ ಕೊಡಿಸುವುದು ಅವರಿಂದಲೂ ಆಗದು. ಜಾನ್‌ಸ್ಟನ್ನರು 1974ರಲ್ಲಿ ತೀರಿಕೊಂಡರು.

ತೊಂಡೇಬಾವಿಯ ಆ ಹುಡುಗನನ್ನು, ಕೆಲಸ ಎಲ್ಲಿಯದಪ್ಪಾ ಎಂದು ಕೇಳಿದೆವು. ಕಾರ್ಖಾನೆಯದು ಎಂದನು. ಅಲ್ಲಿ ಕ್ರಿಕೆಟ್ ತಂಡವುಂಟೇ ಎಂದು ಕೇಳುವಷ್ಟರಲ್ಲಿ ಗಾಡಿ ಬಂದಿತು.